ಕೇಳದೆ ಹೋದ ಮಾತು

ಮಂಗಳಮ್ಮ ಮಾತು ನಿಲ್ಲಿಸಿಬಿಟ್ಟಳು. ಅದೂ ಎಂಥ ಹೊತ್ತಿನಲ್ಲಿ!

ಸೋಮವಾರ ಹುಣಸೂರಿಗೆ ಕಾರ್ಮಿಕ ಅಧಿಕಾರಿ ಬರುವವರಿದ್ದರು. ಹೊಗೆಸೊಪ್ಪು ವಿಂಗಡಿಸುವ ಶೆಡ್ಡಿನ ಹೆಂಗಸರ ಹೇಳಿಕೆಗಳನ್ನು ಟೈಪು ಮಾಡಿ ಅವರ ಕೈಗಿಡಬೇಕೆಂದು ನೀಲಾಂಬಿಕೆ ವಾರದಿಂದ ಕಂಪ್ಯೂಟರಿನ ಮುಂದೆ ಬೆನ್ನು ಬಗ್ಗಿಸಿ ಕೂತಿದ್ದಳು. ಹೆಸರು ತೆಗೆದು ಅಚ್ಚು ಹಾಕುವ ತನಕ ನಿಮ್ಮದೊಂದು ಅಕ್ಷರವೂ ಈ ಮನೆಯ ಹೊಸಿಲು ದಾಟುವುದಿಲ್ಲ ಎಂದು ಅವರಿಗೆಲ್ಲ ಮಾತು ಕೊಟ್ಟಿದ್ದಳು. ಆ ಮಾತು ನಂಬಿಯೇ ಮಂಗಳಮ್ಮ ಪಕ್ಕದ ಕುರ್ಚಿಯಲ್ಲಿ ಕೂತು, ಮೇಸ್ತ್ರಿ ಊಟಕ್ಕೂ ಬಿಡದೆ ದುಡಿಸುವುದನ್ನು ಹೇಳುತ್ತಿದ್ದಳು. ಅಷ್ಟರಲ್ಲಿ ಕನ್ನಡ ಟೈಪಿನ ಸಾಫ್ಟ್‌ವೇರು ಎಂದಿನಂತೆ ಗಕ್ಕನೆ ನಿಂತಿತು. ಪರದೆಯ ನಡುವೆ ಬಿಳಿಯ ಚೌಕವೊಂದು ಮೂಡಿತು.

"ಅದೇನಕ್ಕಾ ಅದು ಕೇಳ್ತಿರಾದು?"

ನೀಲಾಂಬಿಕೆ ಆ ಚೌಕವನ್ನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದಳು, ಓದಿರಲಿಲ್ಲ. ಊರಿನ ಓದುಕೂಟದಲ್ಲಿ ಒಂದೊಂದು ಪುಸ್ತಕವನ್ನೂ ಸಾಲು ಸಾಲಾಗಿ ಜಾಲಾಡುತ್ತಿದ್ದವಳು ಇದನ್ನು ಮಾತ್ರ ಥತ್ ಎಂದು ಬೈದು ಎದ್ದು ಹೋಗುತ್ತಿದ್ದಳು. ಈಗ ಕನ್ನಡಕ್ಕೆ ತಿರುಗಿಸುತ್ತ ಗಟ್ಟಿಯಾಗಿ ಓದಿದಳು. ಏನೋ ತಪ್ಪಾಗಿದೆ, ಈ ಕಂಪ್ಯೂಟರಿನ ವಿಂಡೋಸ್ ಮಾಡಿದ ಕಂಪನಿಗೆ ವರದಿ ಕಳಿಸಲೇ ಎಂದು ಕೇಳುತ್ತಿತ್ತು. ಕೆಳಗೆ ಸಣ್ಣಕ್ಷರಕ್ಕೆ ಬರುವಷ್ಟರಲ್ಲಿ ಅವಳ ದನಿ ಇಳಿಯಿತು. ನೀವು ತೆರೆದಿಟ್ಟ ಬರಹದ ಒಂದಿಷ್ಟು ಭಾಗವೂ ವರದಿಯೊಳಗೆ ಸೇರಿರಬಹುದು.

"ಅಂದ್ರೆ, ನಾ ಯೋಳಿದ್ದೂ?"

"ಸೇರಿರಬೌದು ಅಂತದೆ."

"ಇದ್ನ ಮುಚ್ಚೋಗಂಟ ನಾ ಬಾಯ್ ಬುಡಾಕಿಲ್ಲ ಕಣಕ್ಕ." ಮಂಗಳಮ್ಮ ಸೆರಗು ಹೊದ್ದು ಕೂತಳು.

ಜಗಲಿಯಿಂದ ಗಂಡ ಗೌರೀಶನ ದನಿ ಬಂತು. "ಸೆಂಡ್ ಒತ್ತೇ ಮಾರಾಯ್ತಿ. ಅದಕ್ಯಾಕಿಷ್ಟು ಪಂಚಾಯ್ತಿ? ನಾನು ಪ್ರತಿ ಸಲ ಒತ್ತಲ್ವಾ?"

ನೀಲಾಂಬಿಕೆ ಕುರ್ಚಿ ಸಮೇತ ತಿರುಗಿದಳು. "ಏನ್ರೀ ಅಂದ್ರಿ?"

ಗೌರೀಶ ಒಳಗೆ ಬಂದ. ಹೊಗೆಸೊಪ್ಪಿನ ಲೈಸೆನ್ಸಿಗೆ, ಸೊಪ್ಪು ಬೇಯಿಸುವ ಬ್ಯಾರನ್ನಿನ ಸೌದೆಗೆ, ಕೆಟ್ಟ ಟ್ರಾನ್ಸ್‌ಫಾರ್ಮರಿಗೆ ಅರ್ಜಿ ಕೊಟ್ಟೂ ಕೊಟ್ಟೂ ಕೂದಲು ನರೆಸಿಕೊಂಡ ಮನುಷ್ಯ. ದೂರು ಕೊಡುವುದು ಅವನಿಗೆ ಹಲ್ಲುಜ್ಜಿದಷ್ಟೇ ಸಹಜ.

"ನೀನು ಬಯ್ಕಂಡು ಅಡಿಗೆಮನೆಗೆ ಹೋಗ್ತಿದ್ದೆ. ನಾನು ಫೋನಿನ ವೈರನ್ನ ಕಂಪ್ಯೂಟರಿಗೆ ಸಿಗಿಸಿ, ಇಂಟರ್ನೆಟ್ಟಲ್ಲಿ ಕಳಿಸ್ತಿದ್ದೆ. ದೂರು ಕೊಡದೆ ಯಾವನು ರಿಪೇರಿ ಮಾಡ್ತಾನೆ ಹೇಳು? ಹೋದ ತಕ್ಷಣ ಥ್ಯಾಂಕ್ಸ್ ಅಂತ ಹಿಂಬರಹ ಬೇರೆ ಬತ್ತಿತ್ತು. ನಮ್ಮ ತಾಲ್ಲೂಕು ಆಫೀಸಲ್ಲಿ ಆ ಮರ್ಯಾದೆ ಎಲ್ಲೈತೆ?"

"ಅದರೊಳಗೇನು ಹೋಗ್ತದೆ ಅಂತ ನೋಡಿದ್ರಾ?"

"ನೀನು ನೋಡಿದ್ಯಾ?"

ತಾನೂ ಓದಿರಲಿಲ್ಲವೆಂಬುದು ಅವಳಿಗೆ ಚುಚ್ಚಿತು. ಅದರಿಂದ ಸಿಟ್ಟು ಇನ್ನಷ್ಟು ಏರಿತು. ಹೋಗಿ ಗೋಡೆಯಿಂದ ಫೋನಿನ ವೈರು ಕಿತ್ತೆಸೆದಳು. ಆಮೇಲೆ ಧರ್ಮೇಂದ್ರನಿಗೆ ಫೋನ್ ಮಾಡಬೇಕೆಂದು ನೆನಪಾಗಿ, ಹಲ್ಲು ಕಡಿಯುತ್ತ ಅದನ್ನೇ ಹುಡುಕಿ ಮತ್ತೆ ಸಿಗಿಸಿದಳು.

ಬಸ್ ಸ್ಟ್ಯಾಂಡಿನ ಎದುರು ಕಂಪ್ಯೂಟರ್ ಸೆಂಟರ್ ಇಟ್ಟುಕೊಂಡಿದ್ದ ಧರ್ಮೇಂದ್ರನೇ ಈ ಪೆಟ್ಟಿಗೆಯನ್ನು ಜೋಡಿಸಿ ಕೊಟ್ಟವನು. ಬಂದವನು ವಿಷಯ ಕೇಳಿ ನಕ್ಕ.

"ಅಮೇರಿಕದೋರಿಗೆ ಕನ್ನಡ ಬತ್ತದಾ ಅಕ್ಕ? ನಮ್ ಶೆಡ್ಡಿನ ಕತೆ ಓದಕ್ಕೆ ಅವ್ರು ಬೀಡಿ ಹಚ್ಕಂಡು ಕಾಯ್ತಾ ಕೂತವ್ರಾ? ಎಲ್ಲಾರ ಮನೇಲೂ ಇದು ಆನ್ ಆಗೇ ಇರ್ತದೆ ಕಣಕ್ಕ."

"ಎಲ್ಲಾರ ಮನೇಲೂ ಆನ್ ಮಾಡಿದ್ದು ಯಾರಪ್ಪಾ? ನನ್ನ ಕೇಳಿದ್ರಾ? ಅವರು ಓದ್ತಾರೋ ಬಿಡ್ತಾರೋ, ಅದು ಆಮೇಲಿನ ಮಾತು. ಇವಳು ನನಗೆ ಹೇಳಿದ್ದು ನನಗೆ ಹೇಳಿದ್ದು. ಮೊದಲು ಮುಚ್ಚು."

ಅವನು ಮೌಸ್ ಹಿಡಿದ. ಒಂದು ಕಿಟಕಿ ತೆರೆದರೆ ಅದರೊಳಗೆ ಇನ್ನೊಂದು, ಅದರ ಮೂಲೆಯಲ್ಲಿ ಒಂದು ಗುಂಡಿ, ಗುಂಡಿ ಒತ್ತಿದರೆ ಮತ್ತೊಂದು ಕಿಟಕಿ. ಸೆಂಡ್ ಎನ್ನುವುದನ್ನು ಮೂಗಿನ ಕೆಳಗೇ ಇಟ್ಟವರು, ಬೇಡ ಎನ್ನುವುದನ್ನು ಹಿತ್ತಲ ಕೊಟ್ಟಿಗೆಯಲ್ಲಿ ಬಚ್ಚಿಟ್ಟಿದ್ದರು. ನೀಲಾಂಬಿಕೆಗೆ ಮೈ ಉರಿದುಹೋಯಿತು. ಕಡೆಗೆ ಧರ್ಮೇಂದ್ರ ಚುಕ್ಕಿಯೊಂದನ್ನು ವರದಿ ಬೇಡ ಎನ್ನುವ ಸಾಲಿಗೆ ಸರಿಸಿ ಓಕೆ ಒತ್ತಿದ.

"ಆಯ್ತು. ಇನ್ಮೇಲೆ ವರದಿ ಹೋಗಲ್ಲ."

"ಓಗಿರಾದು?" ಮಂಗಳಮ್ಮ ಕೇಳಿದಳು.

"ಅದು ಹೋಯ್ತು ಕಣಮ್ಮ. ವಾಪಸ್ ತರಕ್ಕಾಗಲ್ಲ."

ಹೋದ ವಾರ ಪೆಟ್ಟಿಗೆ ನಿಂತಾಗ ತೆರೆದಿದ್ದದ್ದು ಚಿಕ್ಕಸಿದ್ದಮ್ಮನ ಹೇಳಿಕೆ. ಅದು ನೀಲಾಂಬಿಕೆಗೂ ಗೊತ್ತಿತ್ತು, ಮಂಗಳಮ್ಮನಿಗೂ ಗೊತ್ತಿತ್ತು. ಶೆಡ್ಡಿನಲ್ಲಿ ಮೇಸ್ತ್ರಿ ತನಗೆ ಮಾಡಿದ್ದನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಇಲ್ಲಿ ಬಂದು, ಗೋಡೆಗೆ ಮುಖ ಮಾಡಿ ಹೇಳಿದ್ದಳು.

"ಕರ್ಕಬತ್ತೀನಿ. ನೀವೇ ಯೋಳಿ ಅವ್ಳಿಗೆ," ಎಂದು ಮಂಗಳಮ್ಮ ಎದ್ದು ಹೋದಳು.

ಗೌರೀಶ ಕೆಮ್ಮಿದ. "ಹೇಳದಿದ್ರಾಯ್ತಪ್ಪ. ಯಾರು ಓದ್ತಾರೆ?"

"ಸುಮ್ನಿರ್ರೀ! ಅವನೂ ಅದೇ ಅಂದ, ನೀವೂ ಅದೇ ಅಂತೀರಿ."

ಚಿಕ್ಕಸಿದ್ದಮ್ಮ ಬಂದವಳು ಕೂರಲಿಲ್ಲ. ಸೊಪ್ಪಿನ ಅಂಟು ಕಪ್ಪಗೆ ಮೆತ್ತಿದ್ದ ಕೈಯನ್ನು ಬಾಗಿಲ ಚೌಕಟ್ಟಿಗೆ ಊರಿ, ನೀಲಾಂಬಿಕೆ ತಡವರಿಸುತ್ತ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಧರ್ಮೇಂದ್ರ ನಗು ನುಂಗಿಕೊಂಡು ಚಪ್ಪಲಿ ಮೆಟ್ಟಿದ. ಅವನ ಹಿಂದೆಯೇ ಗೌರೀಶನೂ ಹೊರಗೆ ನಡೆದ.

"ಯಾನ್ಯಾನು ಓಗದೆ?"

"ಗೊತ್ತಿಲ್ಲ ಕಣವ್ವ. ಎಷ್ಟು ಹೋಗಿದೆಯೋ, ಯಾವ ಸಾಲು ಹೋಗಿದೆಯೋ."

"ಅಂಗಾರೆ ಎಲ್ಲಾ ಓದಿ. ಓದಿ ಅಳಿಸಿ. ನಾ ನೋಡ್ಬೇಕು."

ನೀಲಾಂಬಿಕೆ ಆ ಹೇಳಿಕೆಯನ್ನು ಪರದೆಗೆ ತಂದಳು. ಆ ಹೇಳಿಕೆಯಿಲ್ಲದಿದ್ದರೆ ಅಧಿಕಾರಿಯ ಮುಂದೆ ಉಳಿಯುವುದು ಕೂಲಿಯ, ಊಟದ ಹೊತ್ತಿನ ದೂರುಗಳಷ್ಟೇ. ಅವರು ತಲೆಯಾಡಿಸಿ ಜೀಪು ಹತ್ತುತ್ತಾರೆ. ಅಳಿಸುವುದು ಬೇಡ ಎನ್ನಲು ಬಾಯಿ ತೆರೆದಳು. ಯಾವ ಮುಖ ಇಟ್ಟುಕೊಂಡು ಬೇಡ ಎನ್ನುವುದು?

ಓದಿದಳು. ಒಂದು ಸಾಲು ಓದುವುದು, ಅಳಿಸುವುದು. ಚಿಕ್ಕಸಿದ್ದಮ್ಮ ಈ ಸಲ ಗೋಡೆಯತ್ತ ತಿರುಗಲಿಲ್ಲ, ಅಕ್ಷರಗಳು ಹಿಂದಕ್ಕೆ ಸರಿಯುತ್ತ ಇಲ್ಲವಾಗುವುದನ್ನೇ ನೋಡುತ್ತಿದ್ದಳು. ಅರ್ಧ ದಾಟಿತು. ಮೇಸ್ತ್ರಿ ಹೊಸಬರನ್ನು ಒಬ್ಬೊಬ್ಬರನ್ನೇ ಹಿಂದಿನ ಕೋಣೆಗೆ ಕಳಿಸಿ ಚಿಲಕ ಹಾಕುತ್ತಾನೆ ಎಂಬ ಸಾಲು ಬಂತು. ನೀಲಾಂಬಿಕೆ ಓದಿ, ಅಳಿಸುವ ಕೀಲಿಯ ಮೇಲೆ ಬೆರಳಿಟ್ಟಳು.

"ತಡೀರಿ."

ಚಿಕ್ಕಸಿದ್ದಮ್ಮ ಒಂದು ಹೆಜ್ಜೆ ಮುಂದೆ ಬಂದಳು.

"ನನ್ ಸುದ್ದಿ ಬ್ಯಾಡ, ಎಲ್ಲಾ ಅಳಿಸಿ. ಈ ಕ್ವಾಣೆ ಮಾತು ಇರ್ಲಿ. ನಾಳೀಕೆ ಇನ್ನೊಬ್ಳು ಓಗ್ತಾಳೆ ಅಲ್ಲಿಗೆ." ಸೆರಗಿನಿಂದ ಮುಖ ಒರೆಸಿಕೊಂಡು, "ಇದ ಮಾತ್ರ ಆಪೀಸರಿಗೆ ಕೊಡಿ. ಇನ್ಯಾರ್ಗೂ ಅಲ್ಲ," ಎಂದಳು.

ನೀಲಾಂಬಿಕೆ ಬೆರಳು ತೆಗೆದಳು.