ಚಿಪ್ಪಿನ ಸರ

"ಅಮ್ಮಾ, ಇಲ್ಲಿಂದ ಮುಂದೆ ಅಪ್ಪಟ ಹಳ್ಳಿ ಮಾತು, ಏನು ಹೇಳ್ತಾರೋ ಒಂದೂ ಗೊತ್ತಾಗ್ತಿಲ್ಲ. ನೀನೇ ಕೇಳು," ಎಂದು ಉಜುನ್ವ ಇಯರ್‌ಫೋನು ತೆಗೆದು ತಾಯಿಯ ಕೈಗಿಟ್ಟಳು.

ಯೂನಿಸ್ ಟೀಚರು ಊಟದ ತಟ್ಟೆ ತೊಳೆದಿಟ್ಟು ಆಗಷ್ಟೇ ಕುಳಿತಿದ್ದರು. ಮಗಳಿಗೆ ವಿಶ್ವವಿದ್ಯಾಲಯದಲ್ಲಿ ಕೊನೆಯ ವರ್ಷ. ಓದುತ್ತಿರುವುದು ಭಾಷಾಶಾಸ್ತ್ರ ಮತ್ತು ತಮ್ಮವರದೇ ಭಾಷೆಯಾದ ಇಗ್ಬೋ. ತಾಯಿಯ ಹಳ್ಳಿಯ ಆಡುಮಾತನ್ನು ಅಲ್ಲಿಯವರ ಬಾಯಿಂದಲೇ ರೆಕಾರ್ಡು ಮಾಡಿ, ಒಂದಕ್ಷರ ಬಿಡದೆ ಬರೆದು ಸೋಮವಾರ ಒಪ್ಪಿಸಬೇಕಿತ್ತು. ನಾಲ್ಕು ವರ್ಷದ ಹಿಂದೆ ಈ ಸೀಟು ಸಿಕ್ಕಾಗ ಟೀಚರಿಗೆ ಮೂರು ದಿನ ಅನ್ನ ಇಳಿದಿರಲಿಲ್ಲ. ಡಾಕ್ಟರಾಗಬೇಕಿದ್ದ ಹುಡುಗಿ! ಚರ್ಚಿನಲ್ಲಿ ಯಾರಾದರೂ ಕೇಳಿದರೆ "ಯೂನಿವರ್ಸಿಟಿಯಲ್ಲಿದ್ದಾಳೆ" ಎಂದಷ್ಟೇ ಹೇಳಿ ಮಾತು ಮರೆಸುತ್ತಿದ್ದರು. ಮನೆಮಾತು ಕಲಿಯಲು ಯಾರಾದರೂ ಫೀಸು ಕಟ್ಟುತ್ತಾರೆಯೇ ಎಂದು ನಗುವವರಿಗೇನು ಕಡಿಮೆ? ಆದರೆ ಆ ಮಾತು ಮನೆಯಲ್ಲಿ ಇದ್ದರೆ ತಾನೆ! ಬೆನ್ನಿಗೆ ಕಟ್ಟಿಕೊಂಡು ಓಡಾಡಿದ ದಿನದಿಂದಲೂ ಮಗಳನ್ನು ಇಂಗ್ಲಿಷಿನಲ್ಲೇ ಬೆಳೆಸಿದವರು ಇವರೇ.

"ಯಾರದು ಧ್ವನಿ?"

"ಪಂಕ್ಚರ್ ಅಂಗಡಿ ನ್ವೆಕೆ ಮಾವಂದು. ಒಂದೂವರೆ ಗಂಟೆ ಮಾತಾಡಿದ್ರಮ್ಮ! ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯ್ತು."

ಟೀಚರು ಕಿವಿಗೆ ಸಿಕ್ಕಿಸಿಕೊಂಡರು. ಹುಟ್ಟಿದೂರಿನ ಮಾತು ಗಲಗಲನೆ ಕಿವಿಗೆ ಬಿತ್ತು.

"ಮೂರ್ನೇ ಕ್ಲಾಸು. ಬೆಳಿಗ್ಗೆ ಉಣ್ದೆ ಓಡಿದ್ದೆ. ಅವ್ವ ಬೇಯ್ಸಿದ್ ಗೆಣಸು ಎಲೇಲಿ ಕಟ್ಕೊಂಡು ಕಿಟಕಿ ತಾವ ಬಂದ್ಲು. ಈಸ್ಕೊಂಡು 'ಬದುಕಿಸ್ದೆ ಕಣವ್ವ' ಅಂದೆ. ಅಷ್ಟೇಯ! ಸ್ಕೂಲಲ್ಲಿ ನಮ್ ಮಾತು ಆಡಂಗಿಲ್ವಲ್ಲ, ಟೀಚರು ಬಂದು ಬಸವನಹುಳದ ಚಿಪ್ಪಿನ ಸರ ತಂದು ಕತ್ತಿಗೆ ಹಾಕಿದ್ರು. ತಪ್ಪು ಮಾಡ್ದೋರಿಗೆ ಹಾಕೋದು ಅದು. ಅವ್ವಂಗೇನು ಗೊತ್ತು, ಪಾಪ? ಮಗಂಗೆ ಬಹುಮಾನ ಬಂತು ಅನ್ಕೊಂಡು ಕಿಟಕಿ ಆಚೆ ಚಪ್ಪಾಳೆ ಹೊಡ್ಕೊಂಡು ಕುಣಿದೇಬಿಟ್ಲು. ಇಡೀ ಕ್ಲಾಸು ಬಿದ್ದೂ ಬಿದ್ದೂ ನಗ್ತು. ಟೀಚರೂ ನಕ್ರು."

ಅಲ್ಲಿಯವರೆಗೂ ನಗುತ್ತಲೇ ಹೇಳುತ್ತಿದ್ದ ದನಿ ಇಳಿಯಿತು.

"ಮಾರ್ನೇ ದಿನದಿಂದ ನಾನು ಸ್ಕೂಲ್ ಕಡೆ ತಲೆ ಹಾಕ್ಲಿಲ್ಲ. ಅವ್ವ ಸಂತೇಲೆಲ್ಲ ಹೇಳ್ಕೊಂಡು ಬಂದಿದ್ಲು, ನನ್ ಮಗಂಗೆ ಬಹುಮಾನ ಅಂತ. ಅಲ್ಲ ಕಣವ್ವ ಅನ್ನಕ್ಕೆ ನಂಗೆ ಬಾಯೇ ಬರ್ಲಿಲ್ಲ. ಹಂಗೆ ಅನ್ಕೊಂಡೇ ಸತ್ಲು. ಟೀಚರ ಹೆಸರು ಬ್ಯಾಡ ಮಗಾ, ಬಿಡು."

"ಏನಂತೆ?" ಉಜುನ್ವ ಪೆನ್ನು ಹಿಡಿದು ಕಾಯುತ್ತಿದ್ದಳು.

ಟೀಚರು ಬೇಕಿದ್ದರೆ ಮಳೆ, ಬೆಳೆ ಎಂದು ಏನೋ ಒಂದು ಹೇಳಿಬಿಡಬಹುದಿತ್ತು. ಮಗಳಿಗೆ ತಿಳಿಯುತ್ತಿರಲಿಲ್ಲ. ಆ ಹೆಂಗಸಿನ ಕುಣಿತ ಅವರಿಗೆ ಚೆನ್ನಾಗಿಯೇ ನೆನಪಿತ್ತು. ಅಯ್ಯೋ, ಅದನ್ನು ಎಷ್ಟು ವರ್ಷ ಸ್ಟಾಫ್ ರೂಮಿನಲ್ಲಿ ತಾವೇ ಎದ್ದು ನಿಂತು ಮಾಡಿ ತೋರಿಸಿ ಎಲ್ಲರನ್ನೂ ನಗಿಸಿದ್ದರು! ಹುಡುಗ ಯಾರೆಂಬುದು ಮಾತ್ರ ನೆನಪಿರಲಿಲ್ಲ. ಮಾರನೆಯ ದಿನ ಬೆಂಚಿನಲ್ಲಿ ಒಬ್ಬ ಕಡಿಮೆಯಾದದ್ದನ್ನೂ ಅವರು ಗಮನಿಸಿರಲಿಲ್ಲ.

ಒಂದೊಂದೇ ವಾಕ್ಯ ಬಿಡಿಸಿ ಹೇಳತೊಡಗಿದರು. ಗೆಣಸು, ಕಿಟಕಿ, ಸರ, ಚಪ್ಪಾಳೆ. ಮಗಳು ಬರೆದುಕೊಳ್ಳುತ್ತ ಹೋದಳು.

"ಇಡೀ ಕ್ಲಾಸು ನಗ್ತು," ಎಂದರು ಟೀಚರು. ಇಯರ್‌ಫೋನು ಕಿವಿಯಿಂದ ತೆಗೆದಿಟ್ಟು, "ನಾನೂ ನಕ್ಕೆ," ಎಂದರು.

ಉಜುನ್ವಳ ಪೆನ್ನು ನಿಂತಿತು.

"ನೀನಾ?"

"ನಾನೇ ಕಣೇ. ಆ ಸರ ಪೋಣಿಸಿದ್ದೂ ನಾನೇ."

ಮಗಳು ಬರೆದ ಹಾಳೆಯನ್ನು ಮೊದಲಿಂದ ಓದಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು, "ಇಷ್ಟನ್ನ ಬಿಟ್ಬಿಡ್ಲಾ ಅಮ್ಮ? ಬೇರೆ ಬೇಕಾದಷ್ಟಿದೆ."

"ಬಿಡಬೇಡ. ನನ್ನ ಹೆಸರು ಹಾಕಿ ಬರಿ."

"ಅದಾಗಲ್ಲಮ್ಮ. ಮಾವ ಹೆಸರು ಹೇಳಿಲ್ವಲ್ಲ. ಅವರ ಬಾಯಲ್ಲಿ ಬರದೇ ಇರೋದನ್ನ ನಾನು ಬರೆಯೋ ಹಾಗಿಲ್ಲ."

ಮರುದಿನ ಶನಿವಾರ. ಟೀಚರು ಬೆಳಗಿನ ಬಸ್ಸಿಗೇ ಹಳ್ಳಿಗೆ ಹೊರಟರು. ಏನು ಹೇಳಬೇಕೆಂಬುದನ್ನು ದಾರಿಯುದ್ದಕ್ಕೂ ಹಳ್ಳಿಯ ಮಾತಿನಲ್ಲೇ ಬಾಯಿಪಾಠ ಮಾಡಿಕೊಂಡರು. ನಲವತ್ತು ವರ್ಷ ತಡವಾಗಿ ಹೇಳುವ ಮಾತಿಗೆ ಎಷ್ಟು ಬೆಲೆಯೋ, ಅದು ದೇವರಿಗೇ ಗೊತ್ತು.

ಜಂಕ್ಷನ್ನಿನ ಮಾವಿನ ಮರದ ಕೆಳಗೆ ನ್ವೆಕೆ ಟ್ಯೂಬನ್ನು ನೀರಿಗೆ ಅದ್ದಿ ತೂತು ಹುಡುಕುತ್ತ, ಗಿರಾಕಿಯನ್ನು ರೇಗಿಸುತ್ತ ಕುಳಿತಿದ್ದ. "ಇದು ಟ್ಯೂಬಲ್ಲ ಕಣಯ್ಯ, ಜರಡಿ! ನಿನ್ನೆಂಡ್ತಿಗೆ ಕೊಡು, ಹಿಟ್ಟು ಜಲ್ಲಿಸ್ತಾಳೆ!" ಗಿರಾಕಿ ನಗುತ್ತಿದ್ದ. ಟೀಚರನ್ನು ಕಂಡದ್ದೇ ತಡ, ನ್ವೆಕೆ ಎದ್ದು ನಿಂತ. ಐವತ್ತು ಸಮೀಪಿಸಿದ ಆಳು, ಕೈ ಒರೆಸಿಕೊಂಡು ಬೆನ್ನ ಹಿಂದೆ ಕಟ್ಟಿದ.

"ಗುಡ್ ಮಾರ್ನಿಂಗ್, ಮಿಸ್."

"ನಮ್ಮ ಮಾತಲ್ಲೇ ಆಡಪ್ಪ, ನ್ವೆಕೆ. ಅವತ್ತು ನಿಮ್ಮವ್ವ ಕಿಟಕಿ ಹತ್ರ ಬಂದಿದ್ಲಲ್ಲ... ನಂದು ತಪ್ಪಾಯ್ತು ಕಣೋ. ದೊಡ್ಡ ತಪ್ಪಾಯ್ತು."

 ನ್ವೆಕೆ ಹಳ್ಳಿ ಮಾತಿನಲ್ಲಿ ಏನೋ ಹೇಳಲು ಬಾಯಿ ತೆರೆದು ಮುಚ್ಚಿದ.

"ಥ್ಯಾಂಕ್ ಯೂ, ಮಿಸ್."

"ಏನಾದ್ರೂ ಅನ್ನೋ. ಬೈಯೋದಾದ್ರೆ ಬೈದುಬಿಡು, ನಿನ್ನ ದಮ್ಮಯ್ಯ."

ನ್ವೆಕೆ ಅಂಗಿಯ ತುದಿಯಿಂದ ಬೆಂಚು ಒರೆಸಿ ತೋರಿಸಿದ. ಟೀಚರು ಕುಳಿತರು. ಪಕ್ಕದ ಜಾಗ ತಟ್ಟಿ, "ನೀನೂ ಕೂತ್ಕೋ ಬಾ," ಎಂದು ಅವನ ಮಾತಿನಲ್ಲೇ ಕರೆದರು. ಅವನು ಕದಲಲಿಲ್ಲ. ಕೈ ಹಿಂದೆ ಕಟ್ಟಿ ನೆಲ ನೋಡುತ್ತ ನಿಂತೇ ಇದ್ದ. 'ಸಿಟ್ ಡೌನ್' ಎಂದಿದ್ದರೆ ಕೂರುತ್ತಿದ್ದನೇನೋ. ಟೀಚರ ಬಾಯಿಂದ ಆ ಮಾತು ಹೊರಡಲಿಲ್ಲ.