ಗಾಜಿನ ಪೆಟ್ಟಿಗೆಯವರೆಗೆ

ಎಂಬತ್ತಮೂರರ ಜನವರಿಯಲ್ಲಿ ನನ್ನ ಹೆಂಡತಿ ದಮಯಂತಿ ತಿಂಗಳು ತುಂಬುವ ಮೊದಲೇ ಹೆತ್ತಳು. ಮಗು ಎರಡು ಅಂಗೈಯಲ್ಲಿ ಹಿಡಿಯುವಷ್ಟೇ ಇತ್ತು. ಗುರುವಾಯನಕೆರೆಯ ಡಾಕ್ಟರು, "ಮೈ ತಣ್ಣಗಾಗ್ತಾ ಉಂಟು. ಮಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆ ಉಂಟು, ಅದರಲ್ಲಿಟ್ಟರೆ ಬೆಚ್ಚಗಿರ್ತದೆ. ಬೇಗ ಹೋಗಿ" ಎಂದರು. ದಮಯಂತಿ ಏಳುವ ಸ್ಥಿತಿಯಲ್ಲಿರಲಿಲ್ಲ. ಹೆರಿಗೆಯ ಸೂತಕ ಕಳೆಯುವ ತನಕ ಗಂಡಸರು ಕೂಸನ್ನು ಮುಟ್ಟುವ ಕ್ರಮ ನಮ್ಮಲ್ಲಿಲ್ಲ. ಅತ್ತೆ ಸೇಸಮ್ಮ ಮಗುವನ್ನೆತ್ತಿಕೊಂಡರು. ನಾನು ಟೈಲರ್, ಅಂಗಡಿಯಲ್ಲಿದ್ದ ಫ್ಲಾನೆಲ್ ಬಟ್ಟೆಯನ್ನೆಲ್ಲ ಚೀಲಕ್ಕೆ ತುಂಬಿದೆ.

ಬಸ್ಸೋ, ಕೈ ತೋರಿಸಿದವರಿಗೆಲ್ಲ ನಿಲ್ಲುವಂಥದ್ದು. ಮೂಡಬಿದಿರೆಯಲ್ಲಿ ಡ್ರೈವರ್ ಚಹಾಕ್ಕೆಂದು ಇಳಿದಾಗ ಅವನ ಏಳು ತಲೆಮಾರಿಗೂ ಮನಸ್ಸಿನಲ್ಲೇ ಬೈದೆ. ಅತ್ತೆ ನಾನು ಕೊಟ್ಟ ಬಟ್ಟೆಯನ್ನು ಒಂದರ ಮೇಲೊಂದು ಸುತ್ತುತ್ತಿದ್ದರು. ತೋಡಾರಿನ ಹತ್ತಿರ ಟಯರ್ ಠುಸ್ಸೆಂದಿತು. ಆಗಲೇ ಅತ್ತೆ ಒಳಗೆ ಕೈ ಹಾಕಿ, "ಅಯ್ಯೋ ಶೇಷಪ್ಪ, ಕಾಲು ತಣ್ಣಗಾಗಿದೆ. ಅಳುವುದೂ ಇಲ್ಲ" ಎಂದರು.

ಹಿಂದಿನ ಸೀಟಿನಿಂದ ಒಬ್ಬರು ಬ್ಯಾರಿ ಹೆಂಗಸು ಎದ್ದು ಬಂದರು. ಹೆಸರು ಜೈನಬಮ್ಮ ಎಂದು ಆಮೇಲೆ ತಿಳಿಯಿತು. "ಬಟ್ಟೆ ತಾನಾಗಿ ಬಿಸಿಯಾಗ್ತದಾ? ನನ್ನ ಕಿರಿಯವನೂ ಹೀಗೇ ಹುಟ್ಟಿದ್ದು. ಮೈಗೆ ಮೈ ತಾಗಬೇಕು" ಎಂದು ಅತ್ತೆಯ ಕೈ ಮುಟ್ಟಿ ನೋಡಿದರು. "ನೀವೇ ತಣ್ಣಗಿದ್ದೀರಲ್ಲ." ಮತ್ತೆ ನನ್ನತ್ತ ತಿರುಗಿ, "ಮಾರಾಯ್ರೇ, ನೀವು ಅಂಗಿ ಬಿಚ್ಚಿ" ಎಂದರು.

ಬಸ್ಸಿನಲ್ಲಿ ನನ್ನ ಗಿರಾಕಿಗಳಿದ್ದರು. ನಾನು ಅತ್ತೆಯ ಮುಖ ನೋಡಿದೆ. ಅವರೇ ಮಗುವನ್ನು ನನ್ನತ್ತ ಚಾಚಿದರು. ಗುಂಡಿ ಬಿಚ್ಚುತ್ತ ಕೂರದೆ ಅಂಗಿಯನ್ನೇ ಹರಿದೆ. ಮಗು ತಾಗಿದಾಗ ತಣ್ಣೀರಿನ ಚೊಂಬನ್ನು ಎದೆಗೊತ್ತಿದ ಹಾಗಾಯಿತು. ಜೈನಬಮ್ಮ ಫ್ಲಾನೆಲನ್ನು ನಮ್ಮಿಬ್ಬರ ಮೇಲೆ ಹೊದಿಸಿದರು. ಮಗು ಉಸಿರಾಡುತ್ತಿದೆಯೇ ಎಂದು ತಿಳಿಯಲು ನನ್ನ ಉಸಿರು ಬಿಗಿಹಿಡಿದೆ. ಏನೂ ತಿಳಿಯಲಿಲ್ಲ. ಅಷ್ಟು ಹೆದರಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ. ಟಯರ್ ಬದಲಿಸಿ ಬಸ್ಸು ಹೊರಟು, ಗುರುಪುರ ದಾಟಿದ ಮೇಲೆ ಒಂದು ಸಣ್ಣ ಉಗುರು ಎದೆಯನ್ನು ಗೀರಿತು.

ಆಸ್ಪತ್ರೆಯಲ್ಲಿದ್ದದ್ದು ಎರಡೇ ಪೆಟ್ಟಿಗೆ, ಎರಡರಲ್ಲೂ ಮಕ್ಕಳಿದ್ದರು. ಡಾಕ್ಟರಮ್ಮ ಮಗುವಿನ ಪಾದ ಮುಟ್ಟಿ, "ಬೆಚ್ಚಗುಂಟಲ್ಲ! ಪೆಟ್ಟಿಗೆ ಖಾಲಿಯಾಗುವ ತನಕ ಹೀಗೇ ಇಟ್ಟುಕೊಳ್ಳಿ" ಎಂದರು. ಅಲ್ಲೇ ಬೆಂಚಿನಲ್ಲಿ ಕುಳಿತೆ.

ಮರುದಿನ ಒಂದು ಪೆಟ್ಟಿಗೆ ಖಾಲಿಯಾಯಿತು. ಹೊರಗೆ ಅದರಲ್ಲಿದ್ದ ಮಗುವಿನ ತಾಯಿ ಗೋಡೆಗೆ ತಲೆ ಚಚ್ಚಿಕೊಂಡು ಅಳುತ್ತಿದ್ದಳು. ನರ್ಸ್ ಬಂದು, "ಮಗುವನ್ನು ಕೊಡಿ" ಎಂದು ಕೈ ಚಾಚಿದರು. ನನ್ನ ಕೈ ಬಿಚ್ಚಿಕೊಳ್ಳಲೇ ಇಲ್ಲ.