ಹೊಟ್ಟೆ ಬಂದ ಗೋಡೆ

ಅಕ್ಕ ಕರೆದಳೆಂದು ಹೋದನೇ ಹೊರತು, ಭಾವನ ಮನೆಯ ಬಚ್ಚಲಿಗೆ ಟೈಲ್ಸ್ ಹಾಕುವ ಆಸೆ ಇವನಿಗೆ ಎಳ್ಳಷ್ಟೂ ಇರಲಿಲ್ಲ. ಇಪ್ಪತ್ತು ವರ್ಷದಿಂದ ಅದೇ ಕಸುಬು ಮಾಡಿಕೊಂಡು ಬಂದವನು. ಭಾವನೋ ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತನಾದವನು. ಅಕ್ಕನ ಕೈ ಹಿಡಿಯುವ ಮೊದಲೇ ಇವನಿಗೆ ಎರಡು ವರ್ಷ ಪಾಠ ಹೇಳಿ, ಇಡೀ ತರಗತಿಯ ಮುಂದೆ 'ಕಲ್ಲುಮಂಡೆ' ಎಂದು ಹೆಸರಿಟ್ಟಿದ್ದ.

ಬಚ್ಚಲ ಬಾಗಿಲಲ್ಲಿ ಅಂಟಿನ ಪುಡಿಯ ನಾಲ್ಕು ಚೀಲ ಆಗಲೇ ಬಂದು ಕೂತಿದ್ದವು.

"ಇನ್ನೂರು ಚದರಡಿ ಗೋಡೆ," ಎಂದ ಭಾವ. "ಚೀಲಕ್ಕೆ ಐವತ್ತು ಅಂತ ಅದರ ಮೇಲೇ ಬರೆದಿದಾರೆ. ನಾಲ್ಕು."

"ಎಂಟು ಬೇಕಾಗುತ್ತೆ ಭಾವ."

"ಇನ್ನೂರನ್ನ ಐವತ್ತರಿಂದ ಭಾಗಿಸಿದ್ರೆ ಎಂಟು ಬರುತ್ತಾ? ಯಾವ ಶಾಲೇಲಿ ಕಲಿತೆ?"

"ನೀವು ಕಲಿಸಿದ ಶಾಲೇಲೇ."

ಇವನು ಮಟ್ಟ ನೋಡುವ ಉದ್ದನೆಯ ಪಟ್ಟಿಯನ್ನು ಗೋಡೆಗೆ ಹಿಡಿದ. ನಡುವೆ ಗೋಡೆ ಉಬ್ಬಿತ್ತು, ಎರಡೂ ತುದಿಯಲ್ಲಿ ಬೆರಳು ತೂರುವಷ್ಟು ಸಂದು. "ಚೀಲದ ಮೇಲಿನ ಲೆಕ್ಕ ಸಪಾಟು ಗೋಡೆಗೆ. ಇದಕ್ಕೆ ಹೊಟ್ಟೆ ಬಂದಿದೆ. ಟೈಲ್ಸ್ ಬೇರೆ ಎರಡಡಿ ಉದ್ದ, ಅದರ ಬೆನ್ನಿಗೂ ಸವರಬೇಕು. ಅಂಟು ಎರಡರಷ್ಟು ಹಿಡಿಯುತ್ತೆ."

"ಕುಣಿಯಕ್ಕೆ ಬಾರದವಳು ನೆಲ ಡೊಂಕು ಅಂದ್ಲಂತೆ," ಎಂದು ಭಾವ ಎದ್ದು ಹೋದ.

ಮರುದಿನ ಸಂಜೆಗೆ ನಾಲ್ಕೂ ಚೀಲ ಖಾಲಿಯಾದವು. ಆಗಿದ್ದು ಎರಡೇ ಗೋಡೆ. ಭಾವ ಖಾಲಿ ಚೀಲಗಳನ್ನು ಕಾಲಿನಿಂದ ತಿರುಗಿಸಿ ನೋಡಿದ. "ಅರ್ಧ ಇಲ್ಲಿದೆ. ಇನ್ನರ್ಧ ಯಾರ ಮನೆ ಗೋಡೆಗೆ ಹೋಯ್ತು?"

ಇವನ ಕಿವಿಯವರೆಗೂ ಬಿಸಿ ಏರಿತು. ಕರಣೆ ತೊಳೆದ, ಬಕೆಟ್ ಕವುಚಿಟ್ಟ. ಬಾಗಿಲಲ್ಲಿ ಅಕ್ಕ ತೋಳು ಹಿಡಿದಳು.

"ಅವರ ಬಾಯಿ ನಿನಗೆ ಹೊಸದಾ? ಕಿವಿಗೆ ಹಾಕ್ಕೋಬೇಡ."

"ಕಳ್ಳ ಅಂದದ್ದನ್ನೂ ಹಾಕ್ಕೋಬಾರದಾ ಅಕ್ಕ?"

ಅವಳು ಕೈ ಬಿಟ್ಟಳು.

ಭಾವನಿಗೆ ಹಟ ಹತ್ತಿತು. ಇನ್ನೆರಡೇ ಚೀಲ ತರಿಸಿ, ಟೈಲ್ಸಿನ ಬೆನ್ನಿಗೆ ಐದೈದು ಉಂಡೆ ಅಂಟು ಇಟ್ಟು ಗೋಡೆಗೆ ಒತ್ತಿ, ಉಳಿದೆರಡು ಗೋಡೆಯನ್ನು ತಾನೇ ಮುಗಿಸಿದ. ಇನ್ನೂ ಒಂದು ಬೋಗುಣಿಯಷ್ಟು ಅಂಟು ಉಳಿದಿದೆ ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ತಿರುಗಿದ.

ಹತ್ತನೇ ದಿನ ಅಕ್ಕನ ಫೋನು. ಸ್ನಾನಕ್ಕೆ ನಿಂತಾಗ ನಲ್ಲಿಯ ಮೇಲಿನ ಟೈಲ್ಸ್ ಕಳಚಿ ಪಾದದ ಮೇಲೆ ಬಿದ್ದಿತ್ತು. ಎರಡು ಬೆರಳು ಮುರಿದಿದ್ದವು.

ಇವನು ಹೋದಾಗ ಅವಳು ಪಟ್ಟಿ ಸುತ್ತಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದಳು. ಇವನು ನೇರ ಬಚ್ಚಲಿಗೆ ಹೋಗಿ ಕರಣೆಯ ಹಿಡಿಯಿಂದ ಭಾವ ಹಚ್ಚಿದ ಗೋಡೆ ಬಡಿದ. ಎಲ್ಲಿ ಬಡಿದರೂ ಖಾಲಿ ಡಬ್ಬದ ಸದ್ದು. ಒಂದು ಟೈಲ್ಸಿನ ಅಂಚಿಗೆ ಉಗುರು ಹಾಕಿದ್ದೇ ತಡ, ಕಿತ್ತು ಕೈಗೆ ಬಂತು. ಅದನ್ನು ಹಾಗೇ ತಂದು ಭಾವನ ಮುಂದೆ ಬೆನ್ನು ಮೇಲಾಗಿ ಇಟ್ಟ. ಬರಿಯ ಬೆನ್ನು, ಅಲ್ಲಲ್ಲಿ ಐದು ಗುಂಡನೆ ಕಲೆ.

"ಅಕ್ಕನ ತಲೆ ಮೇಲೆ ಬಿದ್ದಿದ್ರೆ ಯಾವುದರಿಂದ ಭಾಗಿಸ್ತಿದ್ರಿ?"

ಭಾವನ ಮುಖ ಕಪ್ಪಿಟ್ಟಿತು. "ಹೆಚ್ಚು ಮಾತು ಬೇಡ. ಎಷ್ಟು ಚೀಲ ಬೇಕು ಬೊಗಳು."

"ಅವನನ್ನ ಕೇಳಬೇಡಿ," ಎಂದಳು ಅಕ್ಕ. ಮೂವತ್ತು ವರ್ಷದಲ್ಲಿ ಆ ಮನೆಯಲ್ಲಿ ಅವಳ ದನಿ ಅಷ್ಟು ಗಟ್ಟಿಯಾಗಿ ಕೇಳಿರಲಿಲ್ಲ. "ನಾಲ್ಕು ಚೀಲ ಆಗಲೇ ಹೇಳಿ ಕಳಿಸಿದೀನಿ. ಅವನು ಕೆಲಸ ಮುಗಿಸೋವರೆಗೆ ನೀವು ಬಚ್ಚಲ ಹೊಸ್ತಿಲು ದಾಟಿ ಒಳಗೆ ಬರಕೂಡದು."

ಎರಡು ದಿನ ಭಾವ ಹೊರಗೆ ಮೆಟ್ಟಿಲ ಮೇಲೆ, ಬಾಗಿಲಿಗೆ ಬೆನ್ನು ಹಾಕಿ ಕೂತ. ಒಳಗೆ ಇವನು ಉಂಡೆಗಳನ್ನೆಲ್ಲ ಉಳಿಯಿಂದ ಎಬ್ಬಿಸಿ, ಗೋಡೆ ತೊಳೆದು, ಹೊಸದಾಗಿ ಹಚ್ಚಿದ. ಹೋಗುವಾಗ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಕಳ್ಳ ಎಂದ ಮಾತನ್ನು ಭಾವ ಇವತ್ತಿಗೂ ಹಿಂದಕ್ಕೆ ತೆಗೆದುಕೊಂಡಿಲ್ಲ. ಇವನೂ ಆಮೇಲೆ ಆ ಮನೆಯ ಮೆಟ್ಟಿಲು ತುಳಿದಿಲ್ಲ. ಅಕ್ಕನೇ ಭಾನುವಾರ, ಒಂದಿಷ್ಟು ಕುಂಟುತ್ತ, ತಮ್ಮನ ಮನೆಗೆ ಬಂದು ಹೋಗುತ್ತಾಳೆ.